ಸಿಗ್ನಲ್‌ನಲ್ಲಿ ಸುಮ್ಮನಾಗುವ ಗಾಡಿ

ವರ್ಷಕ್ಕೊಮ್ಮೆ ನಮ್ಮ ಅತ್ತೆ ಧಾರವಾಡದಿಂದ ಪುಣೆಗೆ ಬರುತ್ತಿದ್ದರು. ಅವರನ್ನು ಸ್ಟೇಷನ್ನಿನಿಂದ ಮನೆಗೆ ಕರೆತರುವುದು ಹಿರಿಯ ಅಳಿಯನಾದ ನನ್ನ ಹಕ್ಕು. ತೊಂಬತ್ತರ ದಶಕದಲ್ಲಿ ಅವರ ಮನೆತನಕ್ಕೆಲ್ಲ ಕಾರಿದ್ದದ್ದು ನನ್ನೊಬ್ಬನ ಹತ್ತಿರ. ಸಣ್ಣದು, ಸೆಕೆಂಡ್ ಹ್ಯಾಂಡು, ಚಳಿಗಾಲದಲ್ಲಿ ದೂಡಿದರೆ ಮಾತ್ರ ಏಳುವಂಥದು. ಡಿಕ್ಕಿಯಲ್ಲಿ ಹಗ್ಗ, ಗಾಲಿಗೆ ಕೊಡಲು ಒಂದು ಕಲ್ಲು, ರೇಡಿಯೇಟರಿಗೆ ಎರಡು ಬಾಟಲಿ ನೀರು ಇಲ್ಲದೆ ನಾನು ಓಣಿ ದಾಟಿದವನಲ್ಲ. ಅತ್ತೆ ಮುಂದಿನ ಸೀಟಿನಲ್ಲಿ ಕೂತು, "ನೀವು ಇದ್ದೀರಂದ್ರ ನನಗ ಚಿಂತೀನ ಇಲ್ಲ ನೋಡ್ರಿ" ಎನ್ನುತ್ತಿದ್ದರು. ಆ ಒಂದು ಮಾತಿನ ಮೇಲೆ ನಾನು ವರ್ಷವಿಡೀ ಓಡುತ್ತಿದ್ದೆ.

ಎರಡು ಸಾವಿರದ ದಶಕ ಮುಗಿಯುವ ಹೊತ್ತಿಗೆ ನನ್ನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಒಂದು ಭಾರೀ ಗಾಡಿ ತಗೊಂಡ. ಚಾಕಣದ ಫ್ಯಾಕ್ಟರಿಯಲ್ಲಿ ಮ್ಯಾನೇಜರು, ವಿಮಾನ ನಗರದಲ್ಲಿ ಫ್ಲಾಟು. ಇದೊಂದು ಬಾಕಿ ಇತ್ತು.

"ಹೈಬ್ರಿಡ್ ಅದರೀ ಅಣ್ಣಾರ" ಎಂದ ಫೋನಿನಲ್ಲಿ. ಹೈಬ್ರಿಡ್ ಅಂದರೆ ನನಗೆ ಅಲ್ಲಿತನಕ ಗೊತ್ತಿದ್ದದ್ದು ರುಚಿಯಿಲ್ಲದ ಜೋಳ. "ಈ ಸಲಾ ಅವ್ವಾರನ್ನ ನಾನ ಕರ್ಕೊಂಡ ಬರ್ತೀನಿ. ನೀವು ಆರಾಮ ಮನ್ಯಾಗ ಕೂಡ್ರಿ."

ಆರಾಮ! ಅಷ್ಟು ಎತ್ತರದ ಗಾಡಿ ತಿರುವಿನಲ್ಲಿ ಪಲ್ಟಿಯಾದರೆ? ಮೊಣಕಾಲು ನೋವಿನ ಅತ್ತೆ ಅದನ್ನು ಹತ್ತುವುದಾದರೂ ಹೇಗೆ? ಎರಡು ದಿನ ಇದನ್ನೇ ಕೇಳಿ ಸಾಕಾಗಿ ಹೆಂಡತಿ ಅಂದಳು: "ಗಾಡಿ ಎಲ್ಲೂ ಪಲ್ಟಿ ಆಗೂದಿಲ್ರೀ. ನಿಮ್ಮ ಹೊಟ್ಟಿ ಉರೀಲಿಕ್ಕೆ ಹತ್ತೇದ. ಒಂದ್ ವಾಟಗಾ ಮಜ್ಜಿಗಿ ಕುಡೀರಿ."

ಕರೆಯದಿದ್ದರೂ ಸ್ಟೇಷನ್ನಿಗೆ ಹೋದೆ. ಅತ್ತೆ ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟವರೇ ಹುಡುಗಿಯ ಹಾಗೆ ಮುಂದಿನ ಸೀಟಿಗೆ ಏರಿದರು. ನನ್ನ ಕಾರಿನಲ್ಲಿ ನೋಯುತ್ತಿದ್ದ ಮೊಣಕಾಲು ಇಲ್ಲಿ ಚಕಾರವೆತ್ತಲಿಲ್ಲ. "ಭಾಳ ಮೆತ್ತಗ ಅದ ಅಲ್ರೀ!" ಎಂದು ಸೀಟು ಸವರಿದರು. ನನ್ನನ್ನು ಅವರ ಟ್ರಂಕಿನ ಜೊತೆ ಕಟ್ಟಕಡೆಯ ಅಡ್ಡ ಸೀಟಿಗೆ ಹಾಕಿದರು. ಅಲ್ಲಿಂದ ಗಾಡಿಯಲ್ಲೊಂದು ಐಬು ಹುಡುಕುತ್ತಾ ಹೊರಟೆ. ಒಂದು ಗಾಜೂ ಗಡಗಡ ಅನ್ನಲಿಲ್ಲ.

ಮುಂದಿನ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಗಾಡಿ ನಿಂತಿತು. ಎಂಜಿನ್ನೂ ನಿಂತಿತು.

ಸುಳ್ಳು ಯಾಕೆ ಹೇಳಲಿ, ಮಗ ಹತ್ತನೇ ಇಯತ್ತೆ ಪಾಸಾದಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ. ಕೆಟ್ಟಿತು! ಹೊಸಾ ಗಾಡಿ, ಅತ್ತೆಯ ಎದುರಿಗೇ! ಮುಖದ ಮೇಲೆ ಚಿಂತೆ ತಂದುಕೊಂಡು, "ನೀವು ಸ್ಟೇರಿಂಗ್ ಹಿಡೀರಿ, ನಾ ದೂಡ್ತೀನಿ!" ಎಂದವನೇ ಹಿಂದಿನ ಬಾಗಿಲು ತೆಗೆದು ಧುಮುಕಿದೆ. ಅಂಗಿಯ ತೋಳು ಮಡಚಿ, ಎರಡೂ ಕೈ ಕೊಟ್ಟು, ಕಾಲು ಊರಿ ನಿಂತೆ. ಹಸಿರು ದೀಪ ಬಂತು. ಗಾಡಿ ತನ್ನಷ್ಟಕ್ಕೆ ಗುರ್ ಎಂದು ಹೊರಟೇಹೋಯಿತು. ನನ್ನ ಕೈಗಳು ಗಾಳಿಯನ್ನು ದೂಡುತ್ತಾ ಉಳಿದವು. ಪಕ್ಕದ ರಿಕ್ಷಾದವನು ಖುಷಿಯಿಂದ, "ಕಾಕಾ, ಗಾಡಿ ಗೇಲೀ ಕೀ!" ಎಂದು, ಗಾಡಿ ಹೋಗೇಬಿಟ್ಟಿತಲ್ಲ ಅಂತ ಮರಾಠಿಯಲ್ಲಿ ಕೂಗಿದ.

ಅರ್ಧ ಫರ್ಲಾಂಗು ಓಡಿ ಹತ್ತಿಕೊಂಡೆ. ಷಡ್ಡಕ ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು. "ಅದು ಕೆಟ್ಟಿಲ್ರೀ ಅಣ್ಣಾರ. ಎಣ್ಣಿ ಉಳೀಲಿ ಅಂತ ತಾನ ಬಂದ್ ಆಗ್ತದ. ಕ್ಲಚ್ ಒತ್ತಿದ್ರ ತಾನ ಚಾಲೂ ಆಗ್ತದ" ಎಂದು ಮಕ್ಕಳಿಗೆ ಹೇಳುವ ಹಾಗೆ ಹೇಳಿದ. ಅತ್ತೆ ಮನೆ ಬರುವತನಕ ಹಿಂದೆ ತಿರುಗಿ ನನ್ನ ಕಡೆ ನೋಡಲಿಲ್ಲ. ನನ್ನ ಕಾಲ ಮುಗಿಯಿತು ಅಂದುಕೊಂಡೆ.

ಅವರು ಹೊರಡುವ ದಿನ ನಾನು ನನ್ನ ಕಾರು ತೊಳೆದು, ನೀರು ತುಂಬಿ ಗೇಟಿನಲ್ಲಿ ನಿಲ್ಲಿಸಿದ್ದೆ. ಹಿಂದೆಯೇ ಷಡ್ಡಕನ ಗಾಡಿಯೂ ಬಂತು. ಅತ್ತೆ ಎರಡನ್ನೂ ನೋಡಿದರು. ನಂತರ ಅವನ ಕಡೆ ತಿರುಗಿ, "ನಿಮ್ಮ ಗಾಡ್ಯಾಗ ಹೋಗೂಣು" ಎಂದು ಏರಿ ಕೂತರು.

ನಾನು ಕೀಲಿಕೈ ಹಿಡಿದುಕೊಂಡೇ ನಿಂತಿದ್ದೆ. ಕಿಟಕಿ ಇಳಿಯಿತು.

"ನೀವ್ಯಾಕ ನಿಂತ್ರಿ? ಹತ್ರಿ. ಹಿಂಗ ಸುಮ್ಮಸುಮ್ಮನ ಬಂದ್ ಬೀಳೂ ಗಾಡಿ ನಾ ನಂಬೂದಿಲ್ಲ. ಒಂದ್ ದಿನ ಚಾಲೂ ಆಗ್ಲಿಲ್ಲಂದ್ರ ಇಳದು ದೂಡ್ಲಿಕ್ಕೆ ಒಬ್ರು ಬೇಕಲ್ಲ?"

ನನ್ನ ಡಿಕ್ಕಿಯಿಂದ ಹಗ್ಗ ತಗೊಂಡು ಟ್ರಂಕಿನ ಪಕ್ಕ ಹತ್ತಿ ಕೂತೆ. ಸ್ಟೇಷನ್ನಿಗೆ ನಾಲ್ಕು ಸಿಗ್ನಲ್ಲು. ನಾಲ್ಕರಲ್ಲೂ ಎಂಜಿನ್ ಸುಮ್ಮನಾಯಿತು, ನಾಲ್ಕು ಸಲವೂ ಚಾಲೂ ಆಯಿತು. ನಾಲ್ಕು ಸಲವೂ ನನ್ನ ಕೈ ಹಿಂದಿನ ಬಾಗಿಲ ಹಿಡಿಕೆಯ ಮೇಲೇ ಇತ್ತು.