ನೂರಜಹಾನ್ ಟೀಚರ್ ಕಟ್ಟಿದ ಕರ್ನೆಲ್

ಶಹಾಬಾದಿನಲ್ಲಿ ನೂರಜಹಾನ್ ಟೀಚರ್ ಎದುರಿಗೆ ‘ಇದು ಆಗಂಗಿಲ್ಲ’ ಎಂದು ಬಾಯಿಬಿಡುವ ಮೊದಲು ಜನ ಸ್ವಲ್ಪ ಯೋಚನೆ ಮಾಡುತ್ತಾರೆ. ಆಗುವುದಿಲ್ಲ ಎಂದರೆ ಸಾಕು, ಆಕೆಗೆ ಅದೇ ಕೆಲಸ ಬೇಕು. ಹುಡುಗಿಯಾಗಿದ್ದಾಗ ‘ಹೆಣ್ಮಕ್ಕಳಿಗೆ ಟೈಪಿಂಗ್ ಯಾಕ’ ಎಂದು ಚಿಕ್ಕಪ್ಪ ಅಂದಿದ್ದ. ಅಷ್ಟಕ್ಕೇ ಹಟ ಹಿಡಿದು, ದಿನಾ ಪ್ಯಾಸೆಂಜರ್ ರೈಲು ಹತ್ತಿ ವಾಡಿಗೆ ಹೋಗಿ, ಇಂಗ್ಲಿಷ್ ಕನ್ನಡ ಎರಡೂ ಟೈಪಿಂಗ್ ಕಲಿತು ಬಂದಳು. ಮುಂದೆ ಆ ಚಿಕ್ಕಪ್ಪ ತನ್ನ ಪಿಂಚಣಿಯ ಅರ್ಜಿ ಹಿಡಿದು ಬಂದದ್ದು ಅವಳ ಹತ್ತಿರವೇ. ಆಕೆ ಒಂದು ಅಕ್ಷರ ತಪ್ಪಿಲ್ಲದೆ ಹೊಡೆದು ಕೊಟ್ಟಳು. ಬಾಯಿಂದ ಒಂದು ಮಾತೂ ಆಡಲಿಲ್ಲ, ಆದರೆ ಕೊಡುವಾಗ ನಕ್ಕಳು. ಬೈದಿದ್ದರೇ ಚೆನ್ನಾಗಿತ್ತು ಎಂದು ಚಿಕ್ಕಪ್ಪ ಸಾಯುವ ತನಕ ಹೇಳಿಕೊಂಡು ತಿರುಗಿದ.

ಈಗ ಆಕೆಗೆ ಐವತ್ತು ದಾಟಿದೆ. ಟೈಪ್‌ರೈಟರಿನ ಕಾಲ ಮುಗಿದ ಮೇಲೆ ಊರಿನ ಒಂದು ಮಹಿಳಾ ಸಂಸ್ಥೆಯ ಹಾಲಿನಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಾಳೆ. ಗಂಡ ಮಜೀದಸಾಬ ಕಲ್ಲು ಪಾಲಿಶ್ ಮಾಡುವವರು. ನೆಲಕ್ಕೆ ಹಾಸುವ ಫರ್ಸಿಕಲ್ಲಿನ ಮೈ ಮುಟ್ಟಿ ಅದು ಯಾವ ಖಣಿಯದೆಂದು ಹೇಳುವಷ್ಟು ಪಳಗಿದವರು, ಹೆಂಡತಿಯ ಮುಖ ನೋಡಿ ಇವತ್ತು ಯಾರ ಮೇಲೆ ಸಿಟ್ಟೆಂದು ಹೇಳುವಷ್ಟೂ ಪಳಗಿದವರು. ಕ್ಲಾಸಿಗೆ ಬರುವವರು ಖಣಿಯ ಓಣಿಗಳ ಹುಡುಗಿಯರು. ಶಾಲೆ ಅರ್ಧಕ್ಕೆ ಬಿಟ್ಟವರು, ಗಂಡನ ಮನೆ ಬಿಟ್ಟು ಬಂದವರು, ಹೊಲಿಗೆ ಹಾಕಿ ಸಾಕಾದವರು. ಅವರಲ್ಲಿ ಶಿವಗಂಗಾ ಅಂತ ಒಬ್ಬಳು, ಚಿಂಚೋಳಿ ಕಡೆಯವಳು, ಮಾತಿನಲ್ಲಿ ಅರ್ಧ ತೆಲುಗು. ಬೆಳಿಗ್ಗೆ ಖಣಿಯಲ್ಲಿ ಕಲ್ಲು ಹೊತ್ತು ಮಧ್ಯಾಹ್ನ ಕ್ಲಾಸಿಗೆ ಬಂದು ಕೂಡುತ್ತಾಳೆ. ಒಂದು ಅಕ್ಷರ ಹುಡುಕಬೇಕಾದರೆ ಅವಳ ಬೆರಳು ಇಡೀ ಕೀಬೋರ್ಡಿಗೆ ಪ್ರದಕ್ಷಿಣೆ ಹಾಕಬೇಕು. ಆದರೂ ಒಂದು ದಿನವೂ ತಪ್ಪಿಸಿದವಳಲ್ಲ.

ಸಂಸ್ಥೆಯ ಕಂಪ್ಯೂಟರುಗಳು ಒಂದೊಂದಾಗಿ ಕೈಕೊಟ್ಟಾಗ, ಮುಚ್ಚಿಹೋದ ಪಾಲಿಶ್ ಘಟಕಗಳ ಆಫೀಸುಗಳಿಂದ ಒಂದು ಡಜನ್ ಹಳೆಯ ಯಂತ್ರಗಳು ದಾನವಾಗಿ ಬಂದವು. ದಾನ ಅನ್ನುವುದು ಮರ್ಯಾದೆಯ ಮಾತು. ಗುಜರಿಗೆ ಹೋಗಬೇಕಾದ್ದು ಹಾಲಿಗೆ ಬಂತು, ಅಷ್ಟೇ. ಕಲ್ಲಿನ ಪುಡಿ ಕೂತು ಎಲ್ಲವೂ ಸುಣ್ಣ ಬಳಿದ ಹಾಗಿದ್ದವು. ಮಜೀದಸಾಬರು ಹೆಂಡತಿಯ ಮೇಲಿನ ಪ್ರೀತಿಯಿಂದ ಎಲ್ಲದರ ಮುಂದಿನ ಪ್ಲಾಸ್ಟಿಕ್ ಮುಖವಾಡ ಬಿಚ್ಚಿ, ತಮ್ಮ ಪಾಲಿಶ್ ಅಂಗಳಕ್ಕೆ ಒಯ್ದು, ನೀರು ಬಿಟ್ಟು ತಿಕ್ಕಿ ತೊಳೆದು, ಬಿಸಿಲಿಗೆ ಸಾಲಾಗಿ ಒಣಗಿಸಿ ತಂದು ಹಚ್ಚಿಕೊಟ್ಟರು. ಯಂತ್ರಗಳು ಹೊಸತರ ಹಾಗೆ ಹೊಳೆದವು.

ಹೊಳೆದರೇನು, ಏಳಬೇಕಲ್ಲ. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಸಿದ್ಧ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ತಂದು ಹಾಕಿದರೆ ಒಂದೂ ಕೇಳಲಿಲ್ಲ. ಈಗಿನ ಸಿದ್ಧ ಸರಕೆಲ್ಲ ಈಗಿನ ಪ್ರೊಸೆಸರುಗಳಿಗೆ ಮಾಡಿದ್ದು. ಹಳೆಯವನ್ನು ಇಟ್ಟುಕೊಂಡವರು ಈ ಜಗತ್ತಿನಲ್ಲಿ ಯಾರೂ ಉಳಿದಿಲ್ಲ ಎಂದು ಎಲ್ಲೋ ಯಾರೋ ತೀರ್ಮಾನ ಮಾಡಿಬಿಟ್ಟಿದ್ದರು.

“ನಾವು ಇದ್ದೀವಲ್ಲ,” ಎಂದಳು ನೂರಜಹಾನ್, ಕಪ್ಪು ಪರದೆಗೆ.

ಕರ್ನೆಲ್ ಎಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು. ಯಂತ್ರವನ್ನು ಎಬ್ಬಿಸುವುದು, ಒಂದೊಂದು ಭಾಗಕ್ಕೂ ಕೆಲಸ ಹಂಚುವುದು ಅದೇ. ಲಿನಕ್ಸಿನ ಕರ್ನೆಲನ್ನು ಯಾರು ಬೇಕಾದರೂ ಮೂಲದಿಂದ ಇಳಿಸಿಕೊಂಡು ತಮಗೆ ಬೇಕಾದ ಹಾಗೆ ಕಟ್ಟಿಕೊಳ್ಳಬಹುದು. ನೂರಜಹಾನ್ ಇದನ್ನು ವಿಡಿಯೋ ನೋಡಿ, ಎಡವಿ, ಬೈದುಕೊಂಡು, ಮತ್ತೆ ನೋಡಿ ಕಲಿತಳು. ಕಟ್ಟುವ ಮೊದಲು ಅದು ಕೇಳುವ ನೂರೆಂಟು ಪ್ರಶ್ನೆಗಳಲ್ಲಿ ಒಂದು, ನಿಮ್ಮ ಪ್ರೊಸೆಸರ್ ಯಾವ ಕುಟುಂಬದ್ದು ಎಂಬುದು. ಇಲ್ಲಿಯೂ ಮನೆತನ ಬಿಡಲಿಲ್ಲವಲ್ಲ ಎಂದು ಆಕೆಗೆ ಮೊದಲ ಸಲವೇ ಉರಿಯಿತು. ಹಳೆಯ ಕುಟುಂಬವನ್ನು ಆರಿಸಿದರೆ ಆ ಕರ್ನೆಲ್ ಹೊಸದರ ಮೇಲೂ ನಡೆಯುತ್ತದೆ, ವೇಗ ಒಂದಿಷ್ಟು ಕಡಿಮೆಯಾಗಬಹುದು. ಹೊಸದನ್ನು ಆರಿಸಿದರೆ ಹಳೆಯದು ಏಳುವುದೇ ಇಲ್ಲ.

ಯಂತ್ರಗಳ ಮುಖವಾಡದ ಮೇಲೆ ಪ್ರೊಸೆಸರಿನ ಹೆಸರಿನ ಎರಡು ಬಗೆಯ ಚೀಟಿಗಳಿದ್ದವು. ಕೆಲವಕ್ಕೆ ಪೆಂಟಿಯಂ ಫೋರ್, ಉಳಿದವಕ್ಕೆ ಅದಕ್ಕಿಂತ ಹಳೆಯ ನಮೂನೆಯ, ಬಡ ಜಾತಿಯ ವಿಯಾ ಸಿ-ತ್ರೀ. ಯಾರಿಗೂ ಕಡಿಮೆ ಆಗಬಾರದೆಂದು ನೂರಜಹಾನ್ ಎರಡು ಕರ್ನೆಲ್ ಕಟ್ಟಿದಳು, ಬಲವಾದವಕ್ಕೆ ಒಂದು, ಬಡವಕ್ಕೆ ಒಂದು. ಒಂದೊಂದು ಬಗೆಯ ಒಂದೊಂದು ಯಂತ್ರಕ್ಕೆ ಹಾಕಿ ನೋಡಿದಳು, ಎರಡೂ ಎದ್ದವು. ಅಷ್ಟಕ್ಕೇ ಹಿಗ್ಗಿ, ಉಳಿದವಕ್ಕೆ ಚೀಟಿ ನೋಡಿ ಹಾಕಿ, ಎಬ್ಬಿಸಿ ನೋಡದೆಯೇ ಸಂಸ್ಥೆಯ ಕಮಿಟಿಯವರನ್ನು ನೋಡಲು ಕರೆದುಬಿಟ್ಟಳು. ಆಕೆಯ ಅವಸರ ಆಕೆಗೂ ಗೊತ್ತು, ಗೊತ್ತಿದ್ದರೂ ಬಿಟ್ಟಿಲ್ಲ.

ಸಂಸ್ಥೆಯ ಕಾರ್ಯದರ್ಶಿ ಗೋಪಾಲರಾಯರು ನಿವೃತ್ತ ಹೆಡ್‌ಮಾಸ್ತರರು. ಕಲಬುರಗಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಅಕ್ಕನ ಮಗ ಅಭಯನನ್ನೂ ಕರೆದುಕೊಂಡು ಬಂದಿದ್ದರು. ಸ್ವಿಚ್ ಹಾಕಿದರೆ ಸಿ-ತ್ರೀ ಚೀಟಿಯವು ಎಲ್ಲವೂ ಎದ್ದವು. ಪೆಂಟಿಯಂ ಚೀಟಿಯವುಗಳಲ್ಲಿ ಅರ್ಧಕ್ಕರ್ಧ ಕಪ್ಪಗೆ ನಿಂತು, ಎರಡು ಬಿಳಿ ಸಾಲು ತೋರಿಸಿ ಸುಮ್ಮನಾದವು.

“ಛಲೋ ಅನ್ನೋವೇ ಸತ್ತಾವಲ್ರಿ ಟೀಚರ್,” ಎಂದರು ಗೋಪಾಲರಾಯರು. “ಉಳಿದವ್ರದು ಏನ್ ಭರವಸೆ? ಸೋಮವಾರ ಗುಜರಿ ಗಾಡಿ ಬರಾಕ ಹೇಳತೀನಿ. ಅಭಯ ನಾಕು ಹೊಸಾವು ಕೊಡತಾನ. ಹುಡುಗಿಯರೂ ನಾಕೇ ಮಂದಿ ಇರಲಿ, ತಿಳಿಯೋರು.”

“ಉಳಿದೋರು?”

“ಹೊಲಿಗಿ ಕ್ಲಾಸ್ ಅದಲ್ರಿ.”

ಹೊಲಿಗೆ ಹಾಕಿ ಸಾಕಾಗಿ ಬಂದವರನ್ನು ಮತ್ತೆ ಹೊಲಿಗೆಗೆ ಕಳಿಸುವ ಮಾತು ಕೇಳಿ ನೂರಜಹಾನಳ ಮೈ ಉರಿದುಹೋಯಿತು. ಆದರೆ ಸತ್ತ ಯಂತ್ರಗಳ ಮುಂದೆ ನಿಂತು ಯಾವ ಬಾಯಿಂದ ಜಗಳ ಮಾಡುವುದು? ಪರದೆಯ ಮೇಲಿನ ಆ ಎರಡು ಸಾಲಿನ ಫೋಟೋ ಹೊಡೆದುಕೊಂಡು ಮನೆಗೆ ಬಂದಳು.

ಮಜೀದಸಾಬರು ಮುಖ ನೋಡಿಯೇ ಚಹಾಕ್ಕೆ ಇಟ್ಟರು. ಆಕೆ ಮೊಬೈಲ್ ಹಿಡಿದು ಆ ಸಾಲುಗಳನ್ನು ಓದಿದಳು. ಈ ಕರ್ನೆಲ್ ಕೇಳುವ ಪ್ರೊಸೆಸರ್ ಇಲ್ಲಿಲ್ಲ, ಇರುವುದು ಅದಕ್ಕಿಂತ ಹಿಂದಿನದು; ನಿಮ್ಮದಕ್ಕೆ ತಕ್ಕ ಕರ್ನೆಲ್ ಹಾಕಿಕೊಳ್ಳಿ ಎಂದಿತ್ತು. ಸತ್ತದ್ದು ಹೀಗೆ ಮಾತಾಡುವುದಿಲ್ಲ. ಅಂದರೆ ಯಂತ್ರ ಬದುಕಿದೆ, ತಾನು ಹಳೆಯದು ಎನ್ನುತ್ತಿದೆ. ಮುಖದ ಮೇಲಿನ ಚೀಟಿ ಮಾತ್ರ ಪೆಂಟಿಯಂ ಎನ್ನುತ್ತಿದೆ. ಇಬ್ಬರಲ್ಲಿ ಒಬ್ಬರು ಸುಳ್ಳು.

“ಅಜೀ,” ಎಂದಳು ನಿಧಾನವಾಗಿ, “ಆ ಮುಂದಿನವು ತೊಳೆದ ಮ್ಯಾಲ ತಿರುಗಿ ಹ್ಯಾಂಗ ಹಚ್ಚಿದ್ರಿ?”

ಮಜೀದಸಾಬರು ಅಭಿಮಾನದಿಂದ ನಕ್ಕರು. “ಫರ್ಸಿ ಕೂಡಿಸಿದಂಗ. ಯಾವುದು ಯಾವುದಕ್ಕ ಸಂದಿ ಬಿಡದಂಗ ಕುಂದ್ರತದ, ಹಿಡಿದ್ ಹಿಡಿದ್ ನೋಡಿ ಹಚ್ಚೀನಿ. ಒಂದರಾಗರೆ ಉಗುರು ಹೋಗತದೇನು ನೋಡು.”

ಫರ್ಸಿಯ ಕೆಲಸದಲ್ಲಿ ಅದೇ ಸರಿ. ಯಾವ ಕಲ್ಲು ಯಾವ ಖಣಿಯಿಂದ ಬಂತೆಂದು ಹಾಸುವಾಗ ಯಾರೂ ನೋಡುವುದಿಲ್ಲ, ಅಂಚಿಗೆ ಅಂಚು ಕೂಡಿದರೆ ಮುಗಿಯಿತು. ಎಲ್ಲ ಯಂತ್ರಗಳೂ ಒಂದೇ ಅಂಗಡಿಯವರು ಜೋಡಿಸಿದವು, ಡಬ್ಬಿಯ ಅಳತೆಯೂ ಒಂದೇ. ಯಾರ ಮುಖವಾಡ ಯಾರಿಗಾದರೂ ಕೂಡುತ್ತಿತ್ತು. ಸಾಬರು ಮುತುವರ್ಜಿಯಿಂದ, ಒಂದು ಸಂದಿ ಬಿಡದೆ, ಚೀಟಿಗಳನ್ನೆಲ್ಲ ಅದಲುಬದಲು ಮಾಡಿ ಇಟ್ಟಿದ್ದರು. ಬಡವು ಪೆಂಟಿಯಂ ಮುಖ ಹೊತ್ತು ಕೂತಿದ್ದವು, ಅವುಗಳಿಗೆ ಹೊಂದದ ಕರ್ನೆಲನ್ನು ಆಕೆ ಹಾಕಿದ್ದಳು.

ನೂರಜಹಾನ್ ತಲೆಗೆ ಕೈ ಹಚ್ಚಿ ಕೂತಳು. ಗಂಡನ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ತನ್ನ ಮೇಲೆ. ಸ್ವಿಚ್ ಹಾಕಿ ನೇರವಾಗಿ ಕೇಳಿದ್ದರೆ ಪ್ರತಿ ಯಂತ್ರವೂ ತಾನು ಯಾರೆಂದು ಹೇಳುತ್ತಿತ್ತು. ಆಕೆ ಕೇಳಲಿಲ್ಲ, ಮುಖ ನೋಡಿ ನಂಬಿದಳು. ಜೀವನವೆಲ್ಲ ಜನ ತನ್ನ ಮುಖ, ಬುರ್ಖಾ ನೋಡಿ ಇವಳಿಗೇನು ಬರುತ್ತದೆ ಎಂದಿದ್ದರು. ಅವರು ಮಾಡಿದ್ದನ್ನೇ ತಾನೂ ಮಾಡಿದ್ದಳು. ಆಮೇಲೆ ನಗು ಬಂತು, ಎಷ್ಟೆಂದರೆ ಸಾಬರು ಹೆದರಿ ಚಹಾದ ಕಪ್ಪು ಕೆಳಗಿಟ್ಟರು.

ಗೋಪಾಲರಾಯರಿಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಆ ಕಡೆಯಿಂದ ಅವರು ಅಭಯನ ಹತ್ತಿರ ಮಾತಾಡಿ ತಿರುಗಿ ಫೋನು ಹಚ್ಚಿದರು.

“ಹಂಗಾದ್ರ ಸುಲಭ ಆತಲ್ರಿ. ಪೆಂಟಿಯಂ ಇರೋವು ಇಡ್ರಿ, ಅವಕ್ಕ ತಕ್ಕಂಗ ಕಟ್ರಿ, ಭರ್‍ರಂತ ಓಡಲಿ. ಉಳಿದಾವು ಗುಜರಿಗೆ. ಹಳೇವ್ರ ಸಲುವಾಗಿ ಛಲೋವು ಯಾಕ ಎಳದಾಡಬೇಕು?” ಅದರ ಬೆನ್ನಿಗೇ ಹೇಳಿದರು, “ಹುಡುಗಿಯರದೂ ಅದೇ ಅದ ನೋಡ್ರಿ. ಆ ಶಿವಗಂಗಾ ಒಬ್ಬಾಕಿ ಸಲುವಾಗಿ ಇಡೀ ಕ್ಲಾಸ್ ನಿಂದ್ರತದ.”

ಗೋಪಾಲರಾಯರು ಕೆಟ್ಟ ಮನುಷ್ಯರಲ್ಲ. ಅವರ ಲೆಕ್ಕದಲ್ಲಿ ಇದು ಕ್ಲಾಸಿನ ಒಳ್ಳೆಯದಕ್ಕೇ. ನೂರಜಹಾನಳಿಗೆ ಸಿಟ್ಟು ತರಿಸಿದ್ದೇ ಅದು. ಕೆಟ್ಟವರಾಗಿದ್ದರೆ ಒಂದು ಮಾತಿನಲ್ಲಿ ಮುಗಿಸುತ್ತಿದ್ದಳು.

ಭಾನುವಾರ ಹಾಲಿನ ಬೀಗ ತೆಗೆದು ಆಕೆ ಒಬ್ಬಳೇ ಕೂತಳು. ಪರದೆಯ ಮೇಲೆ ಮತ್ತೆ ಅದೇ ಪ್ರಶ್ನೆ: ಯಾವ ಕುಟುಂಬ? ಬಾಣದ ಗುರುತು ಪೆಂಟಿಯಂ ಫೋರ್ ಮೇಲೆ ನಿಂತಿತ್ತು. ಅದನ್ನು ಹಾಗೇ ಬಿಟ್ಟರೆ ರಾಯರು ಹೇಳಿದ್ದು ನಡೆಯುತ್ತದೆ. ಕೆಲವು ಯಂತ್ರ ಓಡುತ್ತವೆ, ಕೆಲವು ಹುಡುಗಿಯರು ಉಳಿಯುತ್ತಾರೆ, ಎಲ್ಲರೂ ಭೇಷ್ ಎನ್ನುತ್ತಾರೆ. ಬೇರೆ ಬೇರೆ ಕಟ್ಟಿ ಹಾಕಿದರೂ ಬಡವು ಬೇರೆ ಎಂದು ಗುರುತಾಗಿ ನಾಳೆ ಗಾಡಿ ಹತ್ತುತ್ತವೆ.

ಆಕೆ ಬಾಣವನ್ನು ಕೆಳಗೆ ಇಳಿಸಿ, ಸಿ-ತ್ರೀಗೆ ತಂದು ಒತ್ತಿದಳು. ಎಲ್ಲಕ್ಕೂ ಅದೊಂದೇ. ಬಲವಾದವು ಒಂದಿಷ್ಟು ನಿಧಾನಕ್ಕೆ ನಡೆದರೆ ನಡೆಯಲಿ, ಅವುಗಳ ಗಂಟೇನು ಹೋಗುತ್ತದೆ? ಅಕ್ಷರ ಹೊಡೆಯಲು, ಅರ್ಜಿ ಬರೆಯಲು ಅಷ್ಟು ಬಲ ಬೇಕೂ ಇಲ್ಲ. ಕರ್ನೆಲ್ ಕಟ್ಟಿ ಮುಗಿಯುವ ತನಕ ಆಕೆ ಮನೆಗೆ ಹೋಗಿ ರೊಟ್ಟಿ ಬಡಿದು, ಉಂಡು ಬಂದಳು. ಆಮೇಲೆ ಒಂದೊಂದಕ್ಕೂ ಹಾಕಿ, ಒಂದೊಂದನ್ನೂ ಎಬ್ಬಿಸಿ ನೋಡಿದಳು. ಈ ಸಲ ಅವಸರ ಮಾಡಲಿಲ್ಲ. ಕೊನೆಗೆ ಒಂದು ಬ್ಲೇಡು ತೆಗೆದುಕೊಂಡು ಎಲ್ಲ ಯಂತ್ರಗಳ ಮುಖದ ಚೀಟಿಗಳನ್ನೂ ಕೆರೆದು ಹಾಕಿದಳು.

ಸೋಮವಾರ ಮಧ್ಯಾಹ್ನ ಗುಜರಿ ಗಾಡಿ ಬಂದು ಗೇಟಿನ ಹತ್ತಿರ ನಿಂತಾಗ ಹಾಲಿನಲ್ಲಿ ಎಲ್ಲ ಪರದೆಗಳೂ ಬೆಳಗುತ್ತಿದ್ದವು. ಪ್ರತಿ ಯಂತ್ರದ ಮುಂದೆ ಹುಡುಗಿಯರು ಕೂತಿದ್ದರು. ಗೋಪಾಲರಾಯರು ಬಾಗಿಲಲ್ಲೇ ನಿಂತರು, ಪಕ್ಕದಲ್ಲಿ ಅಭಯ.

“ಎಲ್ಲಾ ಎದ್ದಾವಲ್ರಿ,” ಎಂದರು. ದನಿಯಲ್ಲಿ ಸಂತೋಷವಿತ್ತು, ಅದು ಸುಳ್ಳಲ್ಲ. “ಛಲೋ ಆತು. ಈಗ ಹಳೇವು ಯಾವುವು ತೋರಸ್ರಿ, ಗಾಡಿಯವ ಕಾಯಾಕತ್ತಾನ.”

“ತೋರಸಂಗಿಲ್ಲ, ಸರ್.”

“ಅಂದ್ರ?”

“ನಂಗ ಗೊತ್ತದ, ಯಾವುವು ಅಂತ. ಹೇಳಂಗಿಲ್ಲ.”

ಕೀಬೋರ್ಡುಗಳ ಸದ್ದು ನಿಂತಿತು. ರಾಯರ ಮುಖ ಕೆಂಪಾಯಿತು. “ಅಭಯ, ನೀ ನೋಡೋ. ಕಂಪ್ಯೂಟರ್ ಅಂಗಡಿ ಇಟ್ಟೀದಿ, ಅಷ್ಟು ತಿಳಿಯಂಗಿಲ್ಲೇನು?”

ಅಭಯನಿಗೆ ಇದು ಕಷ್ಟದ ಕೆಲಸವಲ್ಲ. ಯಂತ್ರದ ಮುಂದೆ ಕೂತು ಒಂದು ಸಾಲು ಹೊಡೆದರೆ ಅದು ತನ್ನ ಹೆಸರು ಹೇಳಿಬಿಡುತ್ತದೆ. ಆದರೆ ಕೂಡಲು ಒಂದು ಕುರ್ಚಿ ಬೇಕು. ಅವನು ಹತ್ತಿರದ ಕುರ್ಚಿಯ ಬೆನ್ನಿಗೆ ಕೈ ಹಾಕಿದ. ಅದರಲ್ಲಿ ಶಿವಗಂಗಾ ಕೂತಿದ್ದಳು. ಬೆರಳುಗಳ ಮೇಲೆ ಖಣಿಯ ಗಾಯಗಳು, ಪರದೆಯ ಮೇಲೆ ಅರ್ಧ ಹೊಡೆದ ಅವಳ ಹೆಸರು.

“ಏಳವ್ವ ಸ್ವಲ್ಪ,” ಎಂದ.

ಶಿವಗಂಗಾ ಒಮ್ಮೆ ಟೀಚರ್ ಕಡೆ ನೋಡಿದಳು. ಅವಳು ತಿರುಗಿ ಕೀಬೋರ್ಡಿನ ಮೇಲೆ ಬಾಗಿ ಮುಂದಿನ ಅಕ್ಷರ ಹುಡುಕತೊಡಗಿದಳು.

“ಯಾವುದು ಬೇಕೋ ಒಯ್ಯಿರಿ,” ಎಂದಳು ನೂರಜಹಾನ್. ಅವಳ ದನಿ ಏರಲಿಲ್ಲ. “ನಾ ಬ್ಯಾಡ ಅನ್ನಂಗಿಲ್ಲ. ಆದರ ಮೊದಲ ಆ ಕುರ್ಚಿ ಮ್ಯಾಲ ಕುಂತಾಕಿನ್ನ ನಿಮ್ಮ ಕೈಲೆ ಎಬ್ಬಸ್ರಿ. ನೀ ಹಿಂದ ಬೀಳ್ತಿ, ನಿನಗಿದು ಅಲ್ಲ ಅಂತ ಆಕಿ ಮಾರಿ ನೋಡಿ ಹೇಳ್ರಿ. ನನ್ನ ಕೈಲೆ ಹೇಳಸಬ್ಯಾಡ್ರಿ.”

ಅಭಯ ಕುರ್ಚಿಯಿಂದ ಕೈ ತೆಗೆದ. ಸಾಲಿನುದ್ದಕ್ಕೂ ಒಮ್ಮೆ ನಡೆದು ಬಂದು, “ಮಾಮಾ, ಎಲ್ಲಾ ಒಂದೇ ಥರ ಓಡಾಕತ್ತಾವ,” ಎಂದ. “ಯಾವುದು ಹಳೇದು, ನಂಗ ಗೊತ್ತಾಗವಲ್ದು.” ಅವನಿಗೆ ಗೊತ್ತಾಗುತ್ತದೆಂದು ನೂರಜಹಾನಳಿಗೆ ಗೊತ್ತಿತ್ತು. ಅವನ ಅಂಗಡಿಗೆ ಬರಬೇಕಾದ ನಾಲ್ಕು ಯಂತ್ರದ ವ್ಯಾಪಾರವನ್ನು ಅವನೇ ಬಿಟ್ಟುಕೊಟ್ಟಿದ್ದ. ಆ ಹುಡುಗನ ಮೇಲೆ ಆಕೆಗೆ ಮೊದಲ ಸಲ ಪ್ರೀತಿ ಬಂತು.

ಗೋಪಾಲರಾಯರು ಹೆಡ್‌ಮಾಸ್ತರರ ದನಿಯಲ್ಲಿ ಹೇಳಿದರು, “ಟೀಚರ್, ಇದು ಸಂಸ್ಥೆ. ಮುಂದಿನ ಮೀಟಿಂಗಿನ್ಯಾಗ ನಿಮ್ಮ ವಿಷಯ ಬರತದ. ನಾ ತಡಿಯಾಕ ಆಗಂಗಿಲ್ಲ.”

“ಬರಲಿ ಸರ್. ಬಂದು ಕುಂದ್ರತೀನಿ, ಉತ್ತರ ಕೊಡತೀನಿ,” ಎಂದಳು ನೂರಜಹಾನ್. “ಈಗ ಬಾಗಲಾ ಬಿಟ್ಟು ಒಂದೀಟು ಸರೀರಿ. ಎರಡನೇ ಬ್ಯಾಚಿನ ಹುಡುಗಿಯರು ನಿಮ್ಮ ಹಿಂದ ನಿಂತಾರ.”

ರಾಯರು ತಿರುಗಿ ನೋಡಿದರು. ಹುಡುಗಿಯರು ನಿಂತೇ ಇದ್ದರು. ರಾಯರು ಸರಿದು ದಾರಿ ಬಿಟ್ಟರು.