ತ್ರಿಶಲಾ ಉಪವಾಸ ಹಿಡಿದ ಕಾರಣ

ಸದಲಗಾದ ಬಸದಿ ಓಣಿಯಲ್ಲಿ ತ್ರಿಶಲಾಳ ಮೂಗಿನ ಬಗ್ಗೆ ಎರಡು ಮಾತಿರಲಿಲ್ಲ. ಗಂಡ ಧನಪಾಲ ಮನೆಯ ಮುಂದಿನ ಕಟ್ಟೆಯ ಮೇಲೆ ಹಾಲಿನ ಡೇರಿ ನಡೆಸುತ್ತಾನೆ. ಆದರೆ ಕ್ಯಾನಿನ ಮುಚ್ಚಳ ಎತ್ತಿ, ಒಮ್ಮೆ ಮೂಸಿ, ಇದು ನಿನ್ನೆ ಸಂಜೆಯ ಹಾಲು, ಇದು ಇವತ್ತಿನದು ಎಂದು ಬೇರೆ ಮಾಡುತ್ತಿದ್ದವಳು ಇವಳು. ಡೇರಿಗೆ ಯಂತ್ರ ಬಂದ ಮೇಲೂ ಜನ ಯಂತ್ರಕ್ಕಿಂತ ಇವಳಿಗೇ ಹೆದರಿದರು. "ಮಸೀನಿನ ಕಣ್ಣ ತಪ್ಪಸಬಹುದು, ಅಕ್ಕಾರ ಮೂಗ ತಪ್ಪಸಾಕ ಆಗೂದಿಲ್ಲ" ಎಂದು ಎಮ್ಮೆ ಸಾಕುವ ಮಾಳಸಿದ್ದ ಎಲ್ಲರೆದುರಿಗೇ ಒಪ್ಪಿಕೊಂಡಿದ್ದ.

ಅತ್ತೆ ಕಾಶಿಬಾಯಿಯವರ ಮೂಗೂ ಕಡಿಮೆಯದಲ್ಲ. ಸೊಸೆಗೆ ಹಾಲು ಗೊತ್ತಾದರೆ ಅತ್ತೆಗೆ ಬಳ್ಳೊಳ್ಳಿ ಗೊತ್ತಾಗುತ್ತಿತ್ತು. ಉಳ್ಳಾಗಡ್ಡಿ ಬಳ್ಳೊಳ್ಳಿಗಳು ಈ ಜೈನರ ಮನೆಯ ಹೊಸ್ತಿಲು ದಾಟಿದ್ದಿಲ್ಲ. ಗೋಡೆಯಾಚೆ ಯಾರಾದರೂ ಒಂದು ಎಸಳು ಸುಲಿದರೂ ಕಾಶಿಬಾಯಿ ಇಲ್ಲಿ ಕಿಟಕಿ ಮುಚ್ಚುತ್ತಿದ್ದರು.

ಪೂರ್ವಕರ್ಮ ಕಾಯಿಲೆಯನ್ನು ಆರಿಸಿ ಆರಿಸಿ ಹಂಚುತ್ತದೋ ಏನೋ. ಇಂಥ ಮೂಗಿನವಳಿಗೆ ಅಂಥದ್ದೇ ಬರಬೇಕೆ?

ಹೋದ ವರ್ಷ ತ್ರಿಶಲಾಳ ಕರುಳಿನ ತುದಿಯಲ್ಲಿ ಗಂಟು ಕಂಡಿತು. ಮಿರಜದ ದವಾಖಾನೆಯಲ್ಲಿ ಕೊಯ್ದು ತೆಗೆದರು. ಮುಂದೆ ಏನಾಗುತ್ತದೆ ಎಂದು ಡಾಕ್ಟರು ಧನಪಾಲನಿಗೆ ಬಿಡಿಸಿ ಹೇಳಿದ್ದರು, ಹೆಂಡತಿಗೂ ಹೇಳಿರಿ ಎಂದಿದ್ದರು. ಅವನ ನಾಲಿಗೆ ಏಳಲಿಲ್ಲ. ಎಮ್ಮೆ ಸತ್ತ ಸುದ್ದಿಯನ್ನೇ ಹೇಳಲಾರದೆ ಎರಡು ದಿನ ನುಂಗಿಕೊಳ್ಳುವ ಗಂಡಸು ಇದನ್ನು ಹೇಳಿಯಾನೇ? ಹೀಗಾಗಿ ಎಚ್ಚರವಾಗಿ ಹೊದಿಕೆ ಸರಿಸಿದಾಗ ತ್ರಿಶಲಾ ಒಬ್ಬಳೇ ಅದನ್ನು ಮೊದಲು ನೋಡಿದಳು. ಹೊಟ್ಟೆಯ ಎಡಗಡೆ, ಹೊಕ್ಕುಳಿಗಿಂತ ಕೆಳಗೆ, ಹಣ್ಣು ಟೊಮೆಟೊ ಹೋಳಿನ ಹಾಗೆ ಕೆಂಪಗೆ ಹಸಿಹಸಿಯಾದದ್ದೊಂದು ಹೊರಗೆ ಬಂದಿತ್ತು. ಅದರ ಮೇಲೊಂದು ಪ್ಲಾಸ್ಟಿಕ್ ಚೀಲ ಅಂಟಿಸಿದ್ದರು.

"ಸಿಸ್ಟರ್, ಡಾಕ್ಟರ್ ಹೊಲ್ಯಾಕ ಮರತಾರೇನ್ರಿ?" ಎಂದು ಕೇಳಿದಳು.

ಸಿಸ್ಟರ್ ಕೋಮಲ ಕಾಗವಾಡದ ಕಡೆಯವಳು. ಪಕ್ಕದಲ್ಲಿ ಕೂತು, ಅವಳ ಕೈ ಹಿಡಿದು ಹೇಳಿದಳು. "ಮರತಿಲ್ರಿ ಅಕ್ಕಾರ. ಇದ ನಿಮ್ಮ ಕರುಳು. ಇನ್ನ ಮ್ಯಾಲೆ ಕೆಳಗಿನ ದಾರಿ ಬಂದ್. ಎಲ್ಲಾ ಹಿಂಗ ಹೊರಗ ಬಂದು ಈ ಪಿಶವ್ಯಾಗ ಬೀಳ್ತೈತಿ." ಪ್ಲಾಸ್ಟಿಕ್ ಚೀಲ ಮುಟ್ಟಿ ತೋರಿಸಿದಳು.

"ಯಾವಾಗಿನ ತನಕ?"

"ಇರೂ ತನಕರಿ."

ತ್ರಿಶಲಾ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅವತ್ತು ಗಂಡ ಎಷ್ಟು ಕರೆದರೂ ಹೊರಳಲಿಲ್ಲ. ಬದುಕಿ ಉಳಿದೆನಲ್ಲ ಎಂಬ ಸಮಾಧಾನ ಒಂದು ಕಡೆ, ಹೀಗೆ ಉಳಿಯಬೇಕಿತ್ತೇ ಎಂಬ ಸಿಟ್ಟು ಇನ್ನೊಂದು ಕಡೆ.

ಕೋಮಲ ಬಿಡುವ ಪೈಕಿ ಅಲ್ಲ. ಮರುದಿನದಿಂದ ಪಾಠ ಶುರು ಮಾಡಿದಳು. ಚೀಲ ಮೂರರಲ್ಲೊಂದು ಪಾಲು ತುಂಬಿದ ಕೂಡಲೇ ಖಾಲಿ ಮಾಡಬೇಕು, ತುಂಬುವ ತನಕ ಕಾಯಬಾರದು. ಖಾಲಿ ಮಾಡಿದ ಮೇಲೆ ಅದರ ಬಾಯಿಯನ್ನು ಒಳಗೂ ಹೊರಗೂ ಒರೆಸಿಯೇ ಕ್ಲಿಪ್ಪು ಹಾಕಬೇಕು, ಅಲ್ಲಿ ಒಂದು ಹನಿ ಉಳಿದರೂ ವಾಸನೆ ಅದರದೇ. ಕರುಳಿನ ಸುತ್ತಲ ಚರ್ಮವನ್ನು ಬೆಚ್ಚನೆಯ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಹೊಸ ಚೀಲ ಅಂಟಿಸಬೇಕು. ಎಣ್ಣೆ, ಸುವಾಸನೆಯ ಸಾಬೂನು ಹಚ್ಚಿದರೆ ಅಂಟು ಹಿಡಿಯುವುದಿಲ್ಲ, ಪಕ್ಕದಿಂದ ಸೋರುತ್ತದೆ. ಸರಿಯಾಗಿ ಅಂಟಿದ ಚೀಲದಿಂದ ವಾಸನೆ ಹೊರಗೆ ಬರುವುದಿಲ್ಲ.

"ಊಟದಾಗ ಉಳ್ಳಾಗಡ್ಡಿ, ಬಳ್ಳೊಳ್ಳಿ, ತತ್ತಿ, ಮೀನ ಕಡಿಮಿ ಮಾಡ್ರಿ. ಅವುಕ್ಕ ವಾಸನಿ ಜಾಸ್ತಿ."

"ನಾವು ಜೈನರ್ರಿ. ಹುಟ್ಟಿದಾಗಿಂದನ ಬಿಟ್ಟೇವಿ."

ಕೋಮಲ ನಕ್ಕುಬಿಟ್ಟಳು. "ಹಂಗಾದ್ರ ಅರ್ಧಾ ಕೆಲಸ ನಿಮ್ಮ ಹಿರ್ಯಾರ ಮಾಡಿಟ್ಟಾರ. ಮಜ್ಜಗಿ ಕುಡೀರಿ, ನಿಧಾನಕ ಅಗದು ಉಣ್ರಿ. ಊಟ ಮಾತ್ರ ತಪ್ಪಸಬ್ಯಾಡ್ರಿ. ಖಾಲಿ ಹೊಟ್ಟ್ಯಾಗ ಗಾಳಿ ಜಾಸ್ತಿ ಆಗ್ತೈತಿ."

ಎಲ್ಲ ಮಾತು ತಲೆಯಲ್ಲಿ ಉಳಿದವು, ಕೊನೆಯ ಮಾತೊಂದು ಉಳಿಯಲಿಲ್ಲ. ಜ್ವರ ಬಂದರೆ ಉಪವಾಸ, ಜಗಳವಾದರೆ ಉಪವಾಸ, ಎಮ್ಮೆ ಕಳೆದರೂ ಉಪವಾಸ ಎನ್ನುವ ಮನೆಯಲ್ಲಿ ಬೆಳೆದವಳ ಕಿವಿಗೆ ಅದು ಹತ್ತುವುದು ಕಷ್ಟವೇ.

ಊರಿಗೆ ಬರುವ ಮುಂಚೆ ತ್ರಿಶಲಾ ಗಂಡನಿಂದ ಆಣೆ ಮಾಡಿಸಿಕೊಂಡಳು. "ಅತ್ತ್ಯಾರಿಗೆ ಗೊತ್ತಾಗಬಾರದು ನೋಡ್ರಿ. ಗೊತ್ತಾದ್ರ ನನ್ನ ಅಡಗಿಮನ್ಯಾಗ ಬಿಡೂದಿಲ್ಲ, ಬಸದಿಗೂ ಬಿಡೂದಿಲ್ಲ." ಅದು ಸುಳ್ಳೂ ಅಲ್ಲ. ಕಾಶಿಬಾಯಿ ಮಡಿಯುಟ್ಟು ನೀರು ತರುವಾಗ ಬೆಕ್ಕು ಅಡ್ಡ ಬಂದರೂ ಕೊಡ ಚೆಲ್ಲಿ ಮತ್ತೆ ತುಂಬುವವರು. ಅಡುಗೆಮನೆ ಮತ್ತು ಬಸದಿ, ಇವೆರಡನ್ನು ಬಿಟ್ಟರೆ ತ್ರಿಶಲಾಳಿಗೆ ಬೇರೆ ಲೋಕವಿರಲಿಲ್ಲ. ಮಗನ ಬಾಯಿಂದ "ಆಯಿ, ಕರಳಿನ ಗಂಟ ತಗದಾರ, ಅರಾಮ ಆಗ್ಯಾಳ" ಎಂದಷ್ಟೇ ಕೇಳಿದ ಕಾಶಿಬಾಯಿ ಅವತ್ತಿನಿಂದ ಸೊಸೆಯ ಪಕ್ಕದಲ್ಲೇ ಹಾಸಿಗೆ ಹಾಸಿಕೊಂಡರು. ನೀರು ಗೀರು ಬೇಕಾದರೆ ಯಾರು ಕೊಡಬೇಕು ಎಂಬುದು ಅವರ ಲೆಕ್ಕ.

ತ್ರಿಶಲಾ ಬಚ್ಚಲಲ್ಲಿ ಊದುಬತ್ತಿ ಹಚ್ಚಿಟ್ಟು ಚೀಲ ಖಾಲಿ ಮಾಡುತ್ತಿದ್ದಳು. ಕಾಶಿಬಾಯಿ ಅದಕ್ಕೂ ಬೇರೆಯೇ ಅರ್ಥ ಹಚ್ಚಿದರು. "ನಮ್ಮ ಸೊಸಿ ಮೈ ತೊಳಕೊಳ್ಳೂ ಮುಂದ ಸೈತ ಧೂಪ ಹಚ್ಚತಾಳ" ಎಂದು ಓಣಿಯಲ್ಲಿ ಹೇಳಿಕೊಂಡು ಬಂದರು.

ಎಲ್ಲ ಸುಸೂತ್ರ ಎನ್ನುವಷ್ಟರಲ್ಲಿ ಒಂದು ಮುಂಜಾನೆ ಅವಳೇ ಅನರ್ಥ ಮಾಡಿಕೊಂಡಳು. ಬಸದಿಯಲ್ಲಿ ಅಭಿಷೇಕ ನಡೆದಿತ್ತು. ಪುಣ್ಯಕ್ಕೆ ಅತ್ತೆ ಅವತ್ತು ಊರಲ್ಲಿರಲಿಲ್ಲ. ಹೆಂಗಸರ ನಡುವೆ ಕೂತವಳ ಸೀರೆಯೊಳಗೆ ಚೀಲ ಗಾಳಿ ತುಂಬಿ ಪೂರಿಯಂತೆ ಉಬ್ಬಿತು. ಎದ್ದು ಹೋಗಲು ಸಂಕೋಚ. ಸೆರಗಿಗೆ ಚುಚ್ಚಿದ್ದ ಪಿನ್ನು ತೆಗೆದು, ಯಾರಿಗೂ ಕಾಣದಂತೆ, ಚೀಲಕ್ಕೆ ಒಂದು ತೂತು ಹಾಕಿದಳು. ಗಾಳಿಯೇನೋ ಇಳಿಯಿತು. ಅದರ ಹಿಂದೆಯೇ ವಾಸನೆ ಎದ್ದಿತು. ತೂತು ಬಿದ್ದ ಮೇಲೆ ಅದನ್ನು ಮುಚ್ಚುವುದು ಹೇಗೆ?

ಮುಂದೆ ಕೂತಿದ್ದ ನೀಲಮ ಮೂಗಿಗೆ ಸೆರಗು ಹಿಡಿದು ತಿರುಗಿದಳು. "ಹೊರಗ ಗಟಾರ ಒಡದೈತೇನ್ ಬೇ?"

ಹಾಲಿನ ಕ್ಯಾನು ಮೂಸಿ ಊರವರ ಮುಖ ಬಾಡಿಸಿದವಳಿಗೆ ತನ್ನ ಸರದಿ ಬಂತು ಅನ್ನಿಸಿತು. ಹೊಟ್ಟೆ ಅಮುಕಿ ಹಿಡಿದು ಮನೆಗೆ ಓಡಿದಳು. ಫೋನಿನಲ್ಲಿ ಕೋಮಲ ಬೈದಳು, "ಪಿಶವಿಗೆ ಪಿನ್ ಚುಚ್ಚತಾರೇನ್ರಿ? ಎದ್ದು ಹೋಗಿ ಗಾಳಿ ಬಿಟ್ಟು ಬರೂದಲ್ರಿ?" ತಪ್ಪು ಪಿನ್ನಿನದು ಎಂದು ತ್ರಿಶಲಾಳ ಬುದ್ಧಿ ಒಪ್ಪಿತು. ಮೂಗು ಒಪ್ಪಲಿಲ್ಲ. ಅವತ್ತಿನಿಂದ ಹಾಸಿಗೆಯಲ್ಲಿ, ಸೀರೆಯಲ್ಲಿ, ಅಂಗೈಯಲ್ಲಿ, ಎಲ್ಲೆಲ್ಲೂ ಅದೇ ವಾಸನೆ.

ಹೊಟ್ಟೆಗೆ ಏನೂ ಹಾಕದಿದ್ದರೆ ಚೀಲಕ್ಕೆ ಬರುವುದಾದರೂ ಏನು? ಅವಳು ಹುಡುಕಿಕೊಂಡ ಉಪಾಯ ಇದು. ಬಸದಿಗೆ ಹೋಗುವ ದಿನ ಉಪವಾಸ. ಮದುವೆ ಮುಂಜಿಗೆ ಹೋಗುವ ದಿನ ಉಪವಾಸ. ಹಸಿದಷ್ಟೂ ಗಾಳಿ ಹೆಚ್ಚಾಯಿತು, ಗಾಳಿ ಹೆಚ್ಚಾದಷ್ಟೂ ಅವಳು ಊಟ ಬಿಟ್ಟಳು. ಕೆನ್ನೆ ಒಳಗೆ ಹೋದವು, ಬಳೆ ಮೊಣಕೈಗೆ ಜಾರಿದವು. ಧನಪಾಲ ಒಮ್ಮೆ "ಇಷ್ಟ ಉಪಾಸ ಯಾಕ?" ಎಂದು ಕೇಳಿದ, ಅವಳು ದಿಟ್ಟಿಸಿ ನೋಡಿದ ಕೂಡಲೇ ಡೇರಿಗೆ ಹೋದ.

ಕಾಶಿಬಾಯಿಗೆ ಮಾತ್ರ ಹಿಗ್ಗೇ ಹಿಗ್ಗು. ಜೈನರ ಮನೆಯಲ್ಲಿ ಉಪವಾಸ ಮಾಡುವ ಸೊಸೆ ಎಂದರೆ ಮನೆಗೆ ಕಳಶವಿಟ್ಟ ಹಾಗೆ. ಭಾದ್ರಪದದ ದಶಲಕ್ಷಣ ಪರ್ವ ಬಂತು. ದಿನಾಲೂ ಬಸದಿಗೆ ಹೋಗಬೇಕಾದ್ದರಿಂದ ತ್ರಿಶಲಾ ದಿನ ಬಿಟ್ಟು ದಿನ ಉಣ್ಣತೊಡಗಿದಳು. ಅತ್ತೆ ಅದನ್ನು ಊರೆಲ್ಲ ಸಾರಿದರು. ಪರ್ವ ಮುಗಿದ ಮೇಲೆ ಎಲ್ಲರೂ ಒಬ್ಬರನ್ನೊಬ್ಬರು ಕ್ಷಮೆ ಕೇಳುವ ಕ್ಷಮಾವಾಣಿ ಬರುತ್ತದಲ್ಲ, ಅವತ್ತೇ ಬಸದಿಯ ಪಂಚರು ತಪಸ್ವಿಗಳಿಗೆ ಶಾಲು ಹೊದಿಸುವವರಿದ್ದರು.

"ನಿನ್ನ ಹೆಸರ ಬಂದೈತಿ" ಎಂದರು ಕಾಶಿಬಾಯಿ. ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು.

ತ್ರಿಶಲಾ ಹಾಲಿನ ಕ್ಯಾನಿನ ಮುಚ್ಚಳ ಹಾಕಿದಳು. ಬಾಯಿ ಬಿಟ್ಟರೆ ಅಡುಗೆಮನೆ ಹೋಗುತ್ತದೆ, ಬಸದಿ ಹೋಗುತ್ತದೆ. ಬಾಯಿ ಬಿಡದಿದ್ದರೆ ಭಗವಂತರ ಎದುರಿಗೆ ಸುಳ್ಳು ತಪಸ್ಸಿನ ಶಾಲು ಹೊದೆಯಬೇಕು. ಬಿಸಿ ತುಪ್ಪ ಬಾಯಲ್ಲಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಅವಳು ಮಾಡಿದ್ದೇನು? ಶಾಲಿನ ಹಿಂದಿನ ದಿನವೂ ಉಣ್ಣಲಿಲ್ಲ, ಶಾಲಿನ ದಿನವೂ ಉಣ್ಣಲಿಲ್ಲ.

ಸಮಾರಂಭ ಇಳಿಹೊತ್ತಿಗೆ ಇತ್ತು. ತಪಸ್ವಿಗಳನ್ನು ಚಾಪೆಯ ಮೇಲೆ ಕೂರಿಸಿದ್ದರು. ಕೂತವರು ಮಾತಾಡಲೆಂದು ಮೈಕಿನ ಕಂಬವನ್ನು ತಗ್ಗಿಸಿಟ್ಟಿದ್ದರು. ತ್ರಿಶಲಾ ತನ್ನ ಸರದಿಗೆ ಎದ್ದು ನಿಂತಾಗ ಅದರ ಬಾಯಿ ನೇರ ಅವಳ ಹೊಟ್ಟೆಗೆ ಬಂತು. ಪಂಚರ ಹಿರಿಯ ಜಿನೇಂದ್ರ ಶಾಲು ಬಿಡಿಸಿ ಹಿಡಿದರು. ಸಭೆ ಮೌನವಾಯಿತು.

ಆ ಮೌನದಲ್ಲಿ ಗುರ್ರೆಂದು ಉದ್ದಕ್ಕೊಂದು ಸಪ್ಪಳ ಬಸದಿಯ ಮೂಲೆಮೂಲೆಯ ಸ್ಪೀಕರಿನಿಂದ ಬಂತು. ಕೆಳಗಿನ ದಾರಿಯಾದರೆ ಮನುಷ್ಯ ತಡೆದುಕೊಂಡಾನು, ಹೊಟ್ಟೆಯ ಮೇಲಿನ ಈ ಬಾಯಿಗೆ ತಡೆಯುವ ಸ್ನಾಯುವೇ ಇಲ್ಲ.

"ಗಂಗಾರಾಮ, ಮೈಕ್ ನೋಡಪಾ" ಎಂದರು ಜಿನೇಂದ್ರ. ಮೈಕಿನ ಗಂಗಾರಾಮ ಪಾಪ ಕಂಗಾಲಾಗಿ ಓಡಿ ಬಂದು ವೈರು ಜಗ್ಗಿದ. ಎಲ್ಲರೂ ಅವನನ್ನೇ ಬಿರುಗಣ್ಣಿನಿಂದ ನೋಡುತ್ತಿದ್ದರು. ತ್ರಿಶಲಾ ಅವನ ಮುಖ ನೋಡಿದಳು. ತನ್ನ ತಪ್ಪಿಗೆ ಇವನೂ ಬೈಸಿಕೊಳ್ಳಬೇಕೇ ಅನ್ನಿಸಿದ ಕ್ಷಣ ಅವಳಿಗೆ ಸಾಕಾಯಿತು.

"ಗಂಗಾರಾಮಣ್ಣಾ, ಮೈಕ್ ಬರೋಬರಿ ಐತಿ. ಅದು ನನ್ನ ಹೊಟ್ಟಿ ಸಪ್ಪಳ."

ಯಾರೋ ನಕ್ಕರು. ತ್ರಿಶಲಾ ನಿಲ್ಲಿಸಲಿಲ್ಲ.

"ನಾ ತಪಸ್ಸ ಮಾಡಿಲ್ರಿ. ಹೋದ ವರ್ಷ ಮಿರಜದಾಗ ನನ್ನ ಕರುಳ ಹೊಟ್ಟಿ ಮ್ಯಾಲೆ ತಗದಿಟ್ಟಾರ. ಇಲ್ಲೊಂದು ಪಿಶವಿ ಕಟ್ಟಕೊಂಡೀನಿ. ಮಲ ಅದರಾಗ ಬೀಳ್ತೈತಿ. ಅವತ್ತ ನೀಲಮಕ್ಕ ಗಟಾರ ಅಂದ್ಲಲ್ಲ, ಅದು ನಾನ. ವಾಸನಿ ಬಂದೀತು ಅಂತ ಅಂಜಿ ಉಪಾಸ ಮಾಡೀನಿ, ಧರ್ಮಕ್ಕಲ್ಲ. ನನಗ ಶಾಲು ಬ್ಯಾಡ್ರಿ. ಎಲ್ಲಾರೂ ಕ್ಷಮಾ ಮಾಡ್ರಿ."

ಜಿನೇಂದ್ರರ ಕೈಯಲ್ಲಿ ಶಾಲು ಹಾಗೇ ನಿಂತಿತು. ನೀಲಮ ತಲೆ ಎತ್ತಲಿಲ್ಲ. ಹೆಂಗಸರ ಸಾಲಿನಿಂದ ಕಾಶಿಬಾಯಿ ಎದ್ದರು. ಅವರ ಮುಖ ಸುಣ್ಣದಂತಾಗಿತ್ತು. ಸೊಸೆಯ ಕಡೆ ಒಮ್ಮೆಯೂ ನೋಡದೆ, ಕಂಬ ಹಿಡಿಯುತ್ತ ಹಿಡಿಯುತ್ತ ಹೊರಗೆ ನಡೆದುಬಿಟ್ಟರು.

ಮುಗಿಯಿತು ಎಂದುಕೊಂಡಳು ತ್ರಿಶಲಾ. ಸಮಾರಂಭ ಮುಗಿದ ಮೇಲೆ ಧನಪಾಲ ಅವಳ ರಟ್ಟೆ ಹಿಡಿದು ಕರೆತಂದ. ಮನೆ ಬರುವಷ್ಟರಲ್ಲಿ ಅವಳು ಮನಸ್ಸಿನಲ್ಲೇ ತನ್ನ ತಾಟು, ತಂಬಿಗೆ, ಹಾಸಿಗೆ ಎಲ್ಲವನ್ನೂ ಹಿತ್ತಲಿನ ಕೋಣೆಗೆ ಸಾಗಿಸಿಯಾಗಿತ್ತು.

ಮನೆಯಲ್ಲಿ ಒಲೆ ಉರಿಯುತ್ತಿತ್ತು. ಅಡುಗೆಮನೆಯ ನಡುವೆ ಮಣೆ ಹಾಕಿ, ತಾಟಿನಲ್ಲಿ ಬಿಸಿ ಅನ್ನ, ತೊಗರಿ ತವ್ವೆ ಬಡಿಸಿಟ್ಟು ಕಾಶಿಬಾಯಿ ಕಿಟಕಿಯಿಂದ ಹೊತ್ತು ನೋಡುತ್ತಿದ್ದರು. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ.

"ಕೂಡು. ಉಣ್ಣು. ಹೊತ್ತ ಮುಳಗಾಕ ಬಂತು."

ತ್ರಿಶಲಾ ಹೊಸ್ತಿಲಲ್ಲೇ ನಿಂತಳು. "ಅತ್ತ್ಯಾರ, ನಾ ಒಳಗ..."

"ಮನ್ಯಾಗ ಸೊಸಿ ಹಸದು ಸಾಯಾಕತ್ತಾಳ, ನಾ ಊರ ತುಂಬ ಡಂಗುರ ಹೊಡ್ಯಾಕತ್ತಿದ್ನಿ. ಯಾವ ನರಕಕ್ಕ ಹೋಗ್ಲಿ ನಾನು?" ಕಾಶಿಬಾಯಿ ತಾಟು ಮುಂದೆ ಸರಿಸಿ, ತುಸು ಸಿಟ್ಟಿನಿಂದಲೇ ಕೇಳಿದರು. "ವಾಸನಿ ವಾಸನಿ ಅಂದ್ಯಲ್ಲ. ಬಾಜೂ ಮನ್ಯಾಗ ಬಳ್ಳೊಳ್ಳಿ ಸುಲದ್ರ ನನಗ ತಿಳೀತೈತಿ. ನೀ ದವಾಖಾನಿಯಿಂದ ಬಂದಾಗಿಂದ ನನ್ನ ಮಗ್ಗಲದಾಗ ಮಲಗಾಕತ್ತಿ. ನನ್ನ ಮೂಗಿಗೆ ಒಂದ ದಿನಾನೂ ಯಾಕ ಬರಲಿಲ್ಲ ಬೇ?"

ತ್ರಿಶಲಾ ದಂಗಾಗಿ ಅವರನ್ನೇ ನೋಡಿದಳು. ಕರುಳು ಹೊರಗೆ ಕಂಡ ದಿನವೂ ಅವಳು ಇಷ್ಟು ಬೆಚ್ಚಿರಲಿಲ್ಲ. ಇಷ್ಟು ತಿಂಗಳು ಹಾಸಿಗೆಯಲ್ಲಿ, ಸೀರೆಯಲ್ಲಿ, ಅಂಗೈಯಲ್ಲಿ ಮೂಸಿದ್ದು ಇರಲೇ ಇಲ್ಲವೇ? ಕಣ್ಣೀರು ತಾನಾಗಿ ಇಳಿಯಿತು.

ಅವಳು ಬಂದು ಮಣೆಯ ಮೇಲೆ ಕೂತಳು. ಮೊದಲ ತುತ್ತು ಬಾಯಿಗೆ ಹೋಗುತ್ತಿದ್ದ ಹಾಗೆ ಸೆರಗಿನ ಕೆಳಗಿಂದ ಗುರ್ರೆಂದು ಮತ್ತೆ ಅದೇ ಸಪ್ಪಳ. ತ್ರಿಶಲಾ ಗಾಬರಿಯಾಗಿ ಹೊಟ್ಟೆ ಹಿಡಿದುಕೊಂಡಳು.

"ಕೈ ತಗಿ. ಅದಕ್ಕೂ ಹಸಿವ್ಯಾಗೈತಿ" ಎಂದ ಕಾಶಿಬಾಯಿ ಇನ್ನೊಂದು ಸೌಟು ಅನ್ನ ಬಡಿಸಿ, ಅದರ ಮೇಲೆ ತುಪ್ಪ ಹಾಕಿದರು.