ಕತ್ತಿನ ಅಳತೆ

ಔಷಧ ಕಂಪನಿಯ ರೆಪ್ ಆಗಿದ್ದಾಗ ಅರಸೀಕೆರೆಯಲ್ಲಿ ಒಂದು ಶರ್ಟ್ ಹೊಲಿಸಿದ್ದೆ. ಟೈಲರ್ ಅಂಗಡಿಯ ಪಕ್ಕದ ಎಸ್‌ಟಿಡಿ ಬೂತಿನವನು ಮೊದಲೇ ಕಿವಿ ಊದಿದ್ದ: “ಅಲ್ಲಿ ಹೊಲಿಯೋನಿಗೆ ಗಲ್ಲು ಶಿಕ್ಷೆ ಆಗಿತ್ತು ಸಾ. ಆಮೇಲೆ ಜೀವಾವಧಿಗೆ ಇಳೀತು. ಜೈಲಲ್ಲಿ ಹೊಲಿಗೆ ಕಲಿಸಿದ ಮೇಷ್ಟ್ರೇ, ಬಿಡುಗಡೆ ಆದ್ಮೇಲೆ ಅವನ್ನ ತಮ್ಮ ಅಂಗಡೀಲಿ ಇಟ್ಕೊಂಡವ್ರೆ.”

ನಾನು ನೇರವಾಗಿ ಮೇಷ್ಟ್ರ ಹತ್ತಿರ ಹೋಗಿ, “ಅಳತೆ ನೀವೇ ತಗೊಳ್ಳಿ” ಅಂದೆ. ಒಳಗೆ ಹೊಲಿಗೆ ಮಿಷನ್ನಿನ ಸದ್ದು ನಿಂತಿತು.

ಮೇಷ್ಟ್ರು ತಮ್ಮ ಕೊರಳಲ್ಲಿದ್ದ ಟೇಪು ತೆಗೆದು ಮಿಷನ್ ಮುಂದೆ ಕೂತಿದ್ದವನತ್ತ ಚಾಚಿದರು. “ಇಲ್ಲಿ ಕಟಿಂಗ್ ಮಾಸ್ಟರ್ ಅವನು. ನಾನು ಕಾಜ, ಗುಂಡಿ ಹಾಕೋನು.”

ಅವನು ಎದ್ದು ಬಂದ. ಎದೆ, ತೋಳು ಆದಮೇಲೆ ಟೇಪು ನನ್ನ ಕತ್ತಿಗೆ ಬಂತು. ನಾನು ಗದ್ದ ಎತ್ತಿ ಅವನ ಕೈಗಳನ್ನೇ ನೋಡುತ್ತಿದ್ದೆ. ಅವನು ಟೇಪಿನೊಳಗೆ ಎರಡು ಬೆರಳು ತೂರಿಸಿದ.

“ಟೈ ಕಟ್ತೀನಿ, ಕಾಲರ್ ಸ್ವಲ್ಪ ಬಿಗಿ ಇರಲಿ.”

“ಬೇರೆ ಎಲ್ಲಿ ಬೇಕಾದ್ರೂ ಬಿಗಿ ಮಾಡ್ತೀನಿ ಸಾ. ಕತ್ತಿಗೆ ಮಾತ್ರ ಆಗಲ್ಲ.”

ನಾನು ಮೇಷ್ಟ್ರ ಮುಖ ನೋಡಿದೆ. ಅವರು ಸೂಜಿಯಿಂದ ಕಣ್ಣೆತ್ತದೆ, “ಅವನು ಹೇಳಿದ್ಮೇಲೆ ಮುಗೀತು ಕಣ್ರೀ” ಅಂದರು.

ಶರ್ಟ್ ಚೆನ್ನಾಗೇ ಬಂತು, ಟೈ ಮಾತ್ರ ಸರಿಯಾಗಿ ಕೂರಲಿಲ್ಲ. “ಯಾವನ್ರೀ ನಿಮ್ಮ ಟೈಲರ್? ಕತ್ತಿನ ಅಳತೇನೇ ಗೊತ್ತಿಲ್ವಲ್ಲ!” ಎಂದು ಮ್ಯಾನೇಜರ್ ರೇಗಿದರು. ಅವನಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರಲಾರದು ಎಂದು ಹೇಳಲು ನಾನು ಹೋಗಲಿಲ್ಲ.